ಕುರಿಗಾರನ ಕೈಗೆ ಕತ್ತಿ ಕೊಟ್ಟಿದ್ದೆ

ಅಧ್ಯಕ್ಷತೆ ವಹಿಸಿರುವ ನಂದಾ ಮೇಡಂ ಅವರೇ, ಮೂಡಲಗಿ, ಹುಕ್ಕೇರಿಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದಿರುವ ಅತಿಥಿಗಳೇ, ಗೋಕಾಕದ ನಮ್ಮ ಆಟದ ಬಳಗದ ಗೆಳೆಯರೇ, ಮೂರನೇ ಸಾಲಿನಲ್ಲಿ ಕೂತಿರುವ ನನ್ನ ಹೊಸ ಮನೆಯವರೇ, ಸಭಿಕರೇ,

ನನ್ನ ಮದುವೆಯಾಗಿ ಇವತ್ತಿಗೆ ನಲವತ್ತೊಂದು ದಿನ! ಯಾರೂ ಕೇಳಲಿಲ್ಲ, ಆದರೂ ಹೇಳಿದೆ. ಮಹೇಶ ಎಷ್ಟು ಒಳ್ಳೆಯವರೆಂದರೆ... ಅಯ್ಯೋ, ಗಂಡನ ಹೆಸರು ಹೇಳಿಬಿಟ್ಟೆ, ಅತ್ತೆ ಹಣಮವ್ವನವರು ಕ್ಷಮಿಸಬೇಕು. ಅವರ ಮಗನ ವಿಷಯ ಶುರು ಮಾಡಿದರೆ ನಿಮ್ಮ ಊಟ ಆರಿಹೋಗುತ್ತದೆ. ಆಟಕ್ಕೆ ಬರುತ್ತೇನೆ.

ನಮ್ಮ ಆಟದಲ್ಲಿ ಒಬ್ಬರು ಮಾಯಾಲೋಕದ ಕಥೆ ಹೇಳುತ್ತಾರೆ, ಮೇಜಿನ ಸುತ್ತ ಕೂತ ಉಳಿದವರು ಒಂದೊಂದು ಪಾತ್ರವಾಗುತ್ತಾರೆ, ಗೆಲುವು ಸೋಲನ್ನು ದಾಳ ಹೇಳುತ್ತದೆ. ಆ ಪಾತ್ರಗಳು ಯಾರು? ಯೋಧ, ಮಂತ್ರವಾದಿ, ಕಳ್ಳ. ಎಷ್ಟು ವರ್ಷ ಅವರೇ? ಕುರಿಗಾರ ಯಾಕಿಲ್ಲ? ಪುಣೆಯ ಪ್ರಕಾಶಕರೊಬ್ಬರು ತಮ್ಮ ಆಟದ ಪುಸ್ತಕಕ್ಕೆ ಹೊಸ ಪಾತ್ರ ಬೇಕೆಂದಾಗ ಕುರಿಗಾರನನ್ನೇ ಬರೆದೆ. ಕೈಗೆ ಕತ್ತಿ ಕೊಟ್ಟೆ. ಸೀಟಿ ಹೊಡೆದರೆ ನೂರು ಕುರಿ ಶತ್ರುವಿನ ಮೇಲೆ ನುಗ್ಗುತ್ತವೆ!

ಪರೀಕ್ಷಿಸಲು ಮಮದಾಪುರದ ಗಂಡನ ಮನೆಯ ಕಟ್ಟೆಯ ಮೇಲೆ ನಕ್ಷೆ ಹಾಸಿ, ಕುರಿಗಳ ಬದಲು ಹುಣಸೆಬೀಜ ಇಟ್ಟು, ಮಾವ ಸಿದ್ರಾಯರನ್ನು ಆಡಲು ಕೂರಿಸಿದೆ.

"ಮಾವಾರ, ರಾಕ್ಷಸ ಬಂದಾನ. ಕುರಿ ಬಿಡ್ರಿ."

"ಬಿಡಂಗಿಲ್ಲ."

"ಬಿಟ್ರ ಗೆಲ್ತೀರಿ!"

"ತುಳಿಸ್ಕೊಂಡು ಸಾಯ್ಲಿ ಅಂತ ಸಾಕೇನೇನ ಅವನ್ನ? ನಿನ್ನ ಕುರಿಗಾರಗ ಕುರಿ ಮ್ಯಾಲ ಜೀವ ಇಲ್ಲೇನ ತಂಗಿ?"

ಒಳಗಿನಿಂದ ಅತ್ತೆ ಕೂಗಿದರು: "ಸೊಸಿ ಮುಂದ ಸೋಲಬ್ಯಾಡ್ರಿ, ಊರಾಗ ಮಾರಿ ತೋರಸಾಕ ಆಗಂಗಿಲ್ಲ!"

ಮಾವ ಏನು ಮಾಡಿದರು ಗೊತ್ತೇ? ನಕ್ಷೆಯಲ್ಲಿ ರಾಕ್ಷಸ ಸುಟ್ಟುಹಾಕಿದ ಹೊಲವಿತ್ತು. ಬೀಜಗಳನ್ನೆಲ್ಲ ಅಲ್ಲಿಗೆ ಸರಿಸಿದರು. "ಇವತ್ತ ಇಲ್ಲೇ ತರಬತೇನಿ. ಹಿಕ್ಕಿ ಬಿದ್ದು ಹೊಲ ಸುಧಾರಸ್ತೈತಿ. ಹೊಲದವರು ಜ್ವಾಳ ಕೊಡ್ತಾರ, ಮುಂದಿನ ಹಾದೀನೂ ಹೇಳ್ತಾರ."

ಹಿಕ್ಕೆ ಗೊಬ್ಬರವಾಗಲೆಂದು ಬೇರೆಯವರ ಹೊಲದಲ್ಲಿ ಹಿಂಡನ್ನು ಒಂದು ರಾತ್ರಿ ತಂಗಿಸುವುದೇ ತರಬುವುದು. ನನಗೆ ಮೈ ಜುಮ್ಮೆಂದಿತು! ಬೇರೆ ಪಾತ್ರಗಳೆಲ್ಲ ದಾಟಿಹೋಗುವ ನೆಲವನ್ನು ಇವನೊಬ್ಬ ಚಿಗುರಿಸುತ್ತಾನೆ. ಇದಕ್ಕಿಂತ ದೊಡ್ಡ ಶಕ್ತಿ ಯಾವ ಮಂತ್ರವಾದಿಗಿದೆ? ಕತ್ತಿ ತೆಗೆದುಹಾಕಿದೆ, ಹೊಸದಾಗಿ ಬರೆದೆ. ಪ್ರಕಾಶಕರು ಒಂದೇ ದಿನದಲ್ಲಿ ಒಪ್ಪಿದರು!

ಆದರೆ ಆ ಶಕ್ತಿ ಮಾವ ಕೊಟ್ಟದ್ದು, ಪ್ರಕಾಶಕರಿಗೆ ಅವರ ಒಪ್ಪಿಗೆಯ ಸಹಿ ಬೇಕು. ಸೋಮವಾರ ಪುಸ್ತಕ ಅಚ್ಚಿಗೆ ಹೋಗುತ್ತದೆ. ಸಹಿಯಿಲ್ಲದಿದ್ದರೆ ಕುರಿಗಾರ ಅದರಲ್ಲಿರುವುದಿಲ್ಲ. ನಿನ್ನೆ ಕಾಗದ ಮುಂದಿಟ್ಟೆ. ಮಾವ ಅದನ್ನು ಮಡಚಿ ಜೇಬಿಗಿಟ್ಟುಕೊಂಡು ಕೇಳಿದರು: "ಮದಿವ್ಯಾಗ ನಿನ್ನ ಗೆಳತ್ಯಾರಿಗೆ ನಾ ಏನ್ ಮಾಡ್ತೇನಂತ ಹೇಳಿದ್ದಿ?"

ಸಭಿಕರೇ, "ಅಗ್ರಿ ಬಿಸಿನೆಸ್" ಎಂದಿದ್ದೆ. ಇಂಗ್ಲಿಷಿನಲ್ಲಿ ಹೇಳಿದೆನಲ್ಲ, ಪಕ್ಕದಲ್ಲಿ ಕಂಬಳಿ ಹೊದ್ದು ನಿಂತಿದ್ದ ಮಾವನಿಗೆ ತಿಳಿಯದು ಎಂದುಕೊಂಡಿದ್ದೆ. ಭಾಷಣದ ಹಾಳೆಯಲ್ಲಿ ಇದನ್ನು ಬರೆದುಕೊಂಡಿರಲಿಲ್ಲ. ಆದರೆ ಅರ್ಚನಾ, ದ್ರಾಕ್ಷಾಯಿಣಿ, ಅಂದು ಕೇಳಿಸಿಕೊಂಡ ನೀವಿಬ್ಬರೂ ಇಲ್ಲೇ ಇದ್ದೀರಿ. ಸರಿಯಾಗಿ ಕೇಳಿರಿ. ನನ್ನ ಮಾವ ಕುರಿ ಕಾಯುತ್ತಾರೆ. ಈ ಪಾತ್ರ ಅವರದು, ಬರವಣಿಗೆ ಮಾತ್ರ ನನ್ನದು. ಪುಸ್ತಕದಲ್ಲಿ ಅವರ ಹೆಸರು ಮೊದಲಿರುತ್ತದೆ, ಅವರು ಒಪ್ಪಿದರೆ.

ಅರೆ! ಮಾವ ಮಗನ ಜೇಬಿನಿಂದ ಪೆನ್ನು ಎಳೆಯುತ್ತಿದ್ದಾರೆ! ಎರಡನೇ ಸಾಲಿನವರೇ, ದಯವಿಟ್ಟು ಯಾರಾದರೂ ಸ್ವಲ್ಪ ಬಾಗಿ ಬೆನ್ನು ಕೊಡಿ, ಕಾಗದ ಇಟ್ಟು ಬರೆಯಬೇಕು. ಅಲುಗಾಡಬೇಡಿ! ನಿಮಗೂ, ನನ್ನನ್ನು ಇಷ್ಟು ಹೊತ್ತು ಸಹಿಸಿದ ಎಲ್ಲರಿಗೂ ಮನಸಾರೆ ಧನ್ಯವಾದ. ಮಾವಾರ, ಮೊದಲ ನಮಸ್ಕಾರ ನಿಮಗೆ. ಸಭೆಗೆ ನಮಸ್ಕಾರ.