ಕೇಳುವ ಮೊದಲೇ ಬಿಸಿ ಮಾಡಿದ ಅಕ್ಕಿ

ಶರಣರೇ, ಇವತ್ತಿನ ಮಾತು ದುಡಿಮೆಯ ಬಗ್ಗೆ. ದುಡಿಮೆ ಅಂದ ಕೂಡಲೇ ನಿಮ್ಮಲ್ಲಿ ಅರ್ಧ ಜನ ಎದೆ ಉಬ್ಬಿಸಿ ಕೂತಿರಿ, ಕಂಡಿತು ನನಗೆ. ಸ್ವಲ್ಪ ತಾಳಿ.

ಮಂಡಕ್ಕಿ ಭಟ್ಟಿಗಳೇ ತುಂಬಿದ್ದ ಓಣಿಯೊಂದರಲ್ಲಿ ಅನುಕೂಲಸ್ಥನಾದ ಒಬ್ಬ ಭಟ್ಟಿ ಯಜಮಾನನಿದ್ದ. ಅವನಲ್ಲಿ ಎರಡು ಒಲೆ. ಮೊದಲನೇ ಒಲೆಯ ಹತ್ತಿರ ಒಬ್ಬ ಆಳು, ಅಕ್ಕಿಗೆ ಉಪ್ಪುನೀರು ಬೆರೆಸಿ ಬಿಸಿ ಮಾಡುವವನು. ಎರಡನೇ ಒಲೆಯ ಮುಂದೆ ಒಬ್ಬ ಹೆಂಗಸು, ಆ ಬಿಸಿ ಅಕ್ಕಿಯನ್ನು ಕಾದ ಮರಳಿಗೆ ಹಾಕಿ ಹುರಿಯುವವಳು. ಆಹಾ, ಆಗಿನ ಆ ಓಣಿ! ಬೆಳಿಗ್ಗೆ ಆರಕ್ಕೆಲ್ಲ ಬಿಸಿ ಮರಳಿನ ವಾಸನೆ, ಜರಡಿಯ ಸದ್ದು. ದಾರಿಯಲ್ಲಿ ಹೋಗುವವರು ಬೊಗಸೆ ಒಡ್ಡಿದರೆ ಸಾಕು, ಬಿಸಿಬಿಸಿ ಮಂಡಕ್ಕಿ ಬೀಳುತ್ತಿತ್ತು. ಈಗ ಅಲ್ಲೆಲ್ಲ ಯಂತ್ರ ಬಂದಿದೆ, ಪ್ಯಾಕೆಟ್ಟು ಬಂದಿದೆ. ಬರಲಿ ಪಾಪ. ಆದರೆ ಮಂಡಕ್ಕಿ ಕಂಡರೆ ನನಗೆ ಇವತ್ತಿಗೂ ಆ ಓಣಿಯೇ ನೆನಪಾಗುತ್ತದೆ.

ಆ ಭಟ್ಟಿಯಲ್ಲಿ ಒಂದು ಪದ್ಧತಿ ಇತ್ತು. ತನ್ನ ಬಾಣಲೆ ಖಾಲಿಯಾಗಲು ಬಂದಾಗ ಹೆಂಗಸು "ಹಾಕಪ್ಪೋ" ಅಂತ ಕೂಗಬೇಕು. ಕೂಗಿದ ಮೇಲೆಯೇ ಆಳು ಮುಂದಿನ ಅಕ್ಕಿ ಬಿಸಿಗೆ ಹಾಕಬೇಕು. ಅಲ್ಲಿಯತನಕ? ಸುಮ್ಮನೆ ಕೈಕಟ್ಟಿ ಕೂರಬೇಕು. ಯಾಕೆ ಹೇಳಿ? ಬಿಸಿ ಅಕ್ಕಿ ಕೂಡಲೇ ಮರಳಿಗೆ ಬಿದ್ದರೆ ಚೆನ್ನಾಗಿ ಅರಳುತ್ತದೆ. ಕಾಯಿಸಿಟ್ಟು ಆರಿತೋ, ಮುಗಿಯಿತು, ಹಲ್ಲಿಗೆ ಕಲ್ಲು.

ಯಜಮಾನ ಒಮ್ಮೆ ಪಟ್ಟಣಕ್ಕೆ ಹೋದ. ಅಲ್ಲಿ ಉತ್ಪಾದನೆಯನ್ನು ನಿರ್ವಹಿಸುವುದು ಹೇಗೆ ಅಂತ ಎರಡು ದಿನದ ತರಬೇತಿ. ಒಳ್ಳೆಯ ವಿದ್ಯೆ ಅದು, ನಾನು ಹಂಗಿಸುವುದಿಲ್ಲ. ಮೊದಲ ದಿನ, ಆಳಾಗಲಿ ಒಲೆಯಾಗಲಿ ಸುಮ್ಮನೆ ನಿಲ್ಲಬಾರದು ಅಂತ ಹೇಳಿಕೊಟ್ಟರು. ಬರೆದುಕೊಂಡ. ಎರಡನೇ ದಿನ, ಇಡೀ ಕೆಲಸ ಸಾಗುವುದು ಎಲ್ಲಕ್ಕಿಂತ ನಿಧಾನವಾದ ಹಂತದ ವೇಗದಲ್ಲಿ, ಆ ಹಂತದ ಮುಂದೆ ರಾಶಿ ಹಾಕಬೇಡಿ ಅಂತ ಹೇಳಿಕೊಟ್ಟರು. ಆ ದಿನ ನಮ್ಮ ಯಜಮಾನ ಎಲ್ಲಿದ್ದ? ಬೀಗರ ಮನೆಯ ಮದುವೆ ಊಟದಲ್ಲಿದ್ದ! ನಗಬೇಡಿ. ಅರ್ಧ ಪಾಠ ಕಲಿತವರು ಈ ಸಭೆಯಲ್ಲೇ ಎಷ್ಟು ಮಂದಿ ಇದ್ದೀರೋ.

ಬಂದವನೇ ಉಪ್ಪಿನ ಒಲೆಯವನನ್ನು ಗದರಿದ. "ಏನಲೇ, ಹಂಗ ಕುಂತೀಯಲ್ಲ, ಸಂಬಳ ಕುಂದ್ರಾಕ ಕೊಡ್ತೀನೇನು? ಇವತ್ತಿಂದ ಆಕಿ ಕೂಗೋದು ಬ್ಯಾಡ, ನೀನು ನಿಲ್ಸೋದು ಬ್ಯಾಡ."

ಆಳಿಗೂ ಉಮೇದು ಬಂತು. ಹಾಕಿದ, ಹಾಕಿದ, ಹಾಕುತ್ತಲೇ ಹೋದ. ಮಧ್ಯಾಹ್ನದೊಳಗೆ ಹೆಂಗಸಿನ ಪಕ್ಕ ಒಂಬತ್ತು ಬುಟ್ಟಿ ಅಕ್ಕಿ. "ಸಾಕು ನಿಲ್ಸಪ್ಪಾ, ಅಕ್ಕಿ ಆರಾಕತ್ತೈತಿ" ಅಂದಳು. "ನನ್ನ ಕೆಲಸ ನಾನು ಮುಗ್ಸೀನಿ, ನಿಂದು ನೀನು ನೋಡ್ಕಳಕ್ಕಾ" ಅಂದ ಇವನು.

ಮೂರೇ ದಿನ. ಅಂಗಡಿಗಳಿಂದ ಚೀಲ ಚೀಲ ವಾಪಸ್ಸು ಬಂದವು, ಹಿಡಿ ಮಂಡಕ್ಕಿಯಲ್ಲಿ ಹತ್ತು ಕಾಳು ಗಟ್ಟಿ. ಯಜಮಾನ ಕೆಂಡವಾದ. ಹುರಿದವರು ಯಾರು? ಆ ಹೆಂಗಸು. ಹಾಗಾದರೆ ತಪ್ಪು ಯಾರದು? ಅವಳದೇ! ಇಪ್ಪತ್ತೆರಡು ವರ್ಷ ಆ ಹೊಗೆಯಲ್ಲಿ ನಿಂತವಳಿಗೆ "ನಿನ್ನ ಕೈ ಕೆಟ್ಟೈತಿ, ನಾಳಿಂದ ಬರಬ್ಯಾಡ" ಅಂದುಬಿಟ್ಟ. ಆಕೆ ಉಪ್ಪಿನ ಒಲೆಯವನ ಕಡೆ ಒಮ್ಮೆ ನೋಡಿದಳು. ಒಲೆಗೆ ಹೊಟ್ಟು ತುಂಬಲು ಬಗ್ಗಿದ್ದವನು ತಲೆ ಎತ್ತಲೇ ಇಲ್ಲ.

ಆ ಆಳು ಯಾರು ಅಂತ ಕೇಳುವುದಿಲ್ಲವೇ? ನಾನೇ, ಶರಣರೇ. ಈ ಕಾವಿ ಉಡುವ ಮುಂಚೆ ಮೂರು ವರ್ಷ ಆ ಒಲೆಯ ಮುಂದಿದ್ದೆ. ದೃಷ್ಟಾಂತದಲ್ಲಿ ಹೆಸರು ಹೇಳುವ ರೂಢಿಯಿಲ್ಲ, ಆದರೂ ಹೇಳುತ್ತೇನೆ. ಆಕೆಯ ಹೆಸರು ಪೀರಮ್ಮ.

ಹದಿನೈದು ದಿನ ಅನ್ನ ಸೇರಲಿಲ್ಲ ನನಗೆ. ಕೊನೆಗೆ ಯಜಮಾನನ ಮುಂದೆ ಎಲ್ಲ ಒಪ್ಪಿಕೊಂಡು ಆಕೆಯ ಮನೆಗೆ ಹೋದೆ. "ತಪ್ಪು ನಂದಕ್ಕಾ. ಯಜಮಾನ್ರಿಗೆ ಹೇಳೀನಿ, ನಿನ್ನ ವಾಪಸ್ ಬಾ ಅಂದಾರ" ಅಂದೆ. ಚಹಾ ಮಾಡಿ ಕೊಟ್ಟಳು. ನಾನು ಕುಡಿಯುವತನಕ ಕಾದು ಹೇಳಿದಳು: "ನಿಂದಂತ ನಂಗ ಅವತ್ತೇ ಗೊತ್ತಿತ್ತಪ್ಪಾ. ಬಂದು ಒಂದ್ ಮಾತು ಹೇಳ್ತೀಯೇನೋ ಅಂತ ಸಂಜಿತನ ಗೇಟಿನ ಹತ್ರ ನಿಂತಿದ್ದೆ. ಈಗ ಬ್ಯಾರೆ ಭಟ್ಟಿ ಸೇರೀನಿ. ಇನ್ನ ಅಲ್ಲಿಗೆ ಬರಾಕ ನನ್ನ ಕಾಲು ಏಳಂಗಿಲ್ಲ."

ಈಗ ನಿಮ್ಮ ಕಡೆ ಬರೋಣ. ಕಚೇರಿಯವರೇ, ಸಂಜೆ ಐದಕ್ಕೆ ಫೈಲೆಲ್ಲ ಪಕ್ಕದ ಮೇಜಿಗೆ ಸುರಿದು "ನನ್ನ ಕಡೆಯಿಂದ ಕ್ಲಿಯರ್" ಅಂತ ಬ್ಯಾಗು ಎತ್ತುತ್ತೀರಲ್ಲ, ಆ ಮೇಜಿನವರ ಮುಖ ನೋಡಿದ್ದೀರಾ? ಮನೆಯಲ್ಲಿ ಒಬ್ಬಳು ರೊಟ್ಟಿ ತಟ್ಟುತ್ತಿದ್ದರೆ ಹತ್ತು ಜನ ಒಟ್ಟಿಗೇ ತಟ್ಟೆ ಹಿಡಿದು ಕೂರುತ್ತೀರಿ. ರೊಟ್ಟಿ ಸೀದರೆ ಬೈಯುವುದು ಯಾರನ್ನು? ಮುಂದಿನ ಕೈ ಹಿಡಿದುಕೊಂಡ ಮೇಲೆ ನಿಮ್ಮ ಕೆಲಸ ಮುಗಿಯಿತು. ಅಲ್ಲಿಯತನಕ ಮುಗಿದಿಲ್ಲ, ಮುಗಿದಿಲ್ಲ, ಮುಗಿದಿಲ್ಲ.

ನಾಳೆ ಬೆಳಿಗ್ಗೆ ಕೆಲಸಕ್ಕೆ ಕೈ ಹಾಕುವ ಮೊದಲು ನಿಮ್ಮ ಮುಂದಿನವರ ಹತ್ತಿರ ರಾಶಿ ಎಷ್ಟಿದೆ ನೋಡಿ. ಹೆಚ್ಚಿದ್ದರೆ ನಿಮ್ಮದನ್ನು ನಿಲ್ಲಿಸಿ, ಅವರದಕ್ಕೆ ಕೈ ಜೋಡಿಸಿ. ನಿಮ್ಮ ತಪ್ಪಿಗೆ ಇನ್ನೊಬ್ಬರು ಬೈಸಿಕೊಳ್ಳುತ್ತಿದ್ದರೆ ಅಲ್ಲೇ, ಆಗಲೇ, ಎದ್ದು ನಿಂತು ಬಾಯಿಬಿಡಿ. ಹದಿನೈದು ದಿನ ಬಿಟ್ಟು ಹೋದರೆ ಚಹಾ ಸಿಗುತ್ತದೆ, ಶರಣರೇ. ಪೀರಮ್ಮ ಸಿಗುವುದಿಲ್ಲ.