ಎರಡು ಪ್ರೆಸ್ಸು, ಒಂದು ಕುಡುಗೋಲು

ಹೆಸರು ರಂಜಿನಿ, ಗಂಡನ ಹೆಸರು ಶಿವಮೂರ್ತಿ, ವಯಸ್ಸು 36 ವರ್ಷ, ಅಡುಗೆಮನೆ ಚಾಕು ತಯಾರಿಸುವ ಕೆಲಸ, ವಾಸ ಹೆಮ್ಮರಗಾಲ ಗ್ರಾಮ, ನಂಜನಗೂಡು ತಾಲೂಕು.

ಈ ದಿನ ಬೆಳಿಗ್ಗೆ ನಾನೇ ಕೊಟ್ಟ ಕಳವು ದೂರಿನ ವಿಚಾರದಲ್ಲಿ ಮತ್ತೆ ಹುಲ್ಲಹಳ್ಳಿ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ,

ನಾನು ಕಬ್ಬಿಣದ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ, ಹಳದಿ ಬಣ್ಣ ಬರುವವರೆಗೆ ಕಾಯಿಸಿ, ಬಡಿದು ಒಂದೇ ಗಟ್ಟಿಯಾಗಿ ಬೆಸೆದು ಚಾಕು ಮಾಡುತ್ತೇನೆ. ಸಮ್ಮಟಿಗೆ ಎತ್ತಿ ಎತ್ತಿ ನನ್ನ ಬಲ ಮೊಣಕೈ ಹೋಗಿದೆ. ಇನ್ನು ಸಮ್ಮಟಿಗೆ ಮುಟ್ಟಿದರೆ ಚಮಚ ಎತ್ತಲೂ ಆಗುವುದಿಲ್ಲ ಎಂದು ಡಾಕ್ಟರು ಬೈದಿದ್ದಾರೆ. ಬಡಿಯುವ ಬದಲು ಒತ್ತುವ ಹೈಡ್ರಾಲಿಕ್ ಪ್ರೆಸ್ ತರಬೇಕು, ಇಲ್ಲವೇ ಕುಲುಮೆ ಆರಿಸಬೇಕು.

ದಿನಾಂಕ 12-05-2025 ರಂದು ಗ್ಯಾಸಿನ ಕುಲುಮೆಯನ್ನು ಆಟೋದಲ್ಲಿ ಹಾಕಿಕೊಂಡು ಎರಡು ಕಡೆ ಹೋಗಿದ್ದೆ. ನಂಜನಗೂಡಿನಲ್ಲಿ ಜಗನ್ ಎಂಬುವರ ಬಳಿ ಇಪ್ಪತ್ತೈದು ಟನ್ನಿನ ಹೊಸ ಪ್ರೆಸ್ ಮಾರಾಟಕ್ಕಿತ್ತು. ಟಿ. ನರಸೀಪುರದಲ್ಲಿ ಬೆಟ್ಟಸ್ವಾಮಿ ಎಂಬುವರ ಶೆಡ್ಡಿನಲ್ಲಿ ಹನ್ನೆರಡು ಟನ್ನಿನ ಹಳೆಯದಿತ್ತು. ಬಲ ಕಡಿಮೆ, ಆದರೆ ಸರಕ್ಕನೆ ಇಳಿಯುತ್ತಿತ್ತು. ಮನೆಯಲ್ಲಿದ್ದ ಒಂದು ಮುರುಕು ಕುಡುಗೋಲನ್ನು ಎರಡು ಭಾಗ ಮಾಡಿ, ಎರಡೂ ಕಡೆ ಒಂದೇ ಬಗೆಯಲ್ಲಿ ಪಟ್ಟಿಗಳ ನಡುವೆ ಇಟ್ಟು, ಅಂಗೈಯಷ್ಟಗಲದ ಒಂದೊಂದು ತುಂಡು ಬೆಸೆದೆ. ತುಂಡುಗಳನ್ನು ಕುಯ್ದು ಬಗ್ಗಿಸಿದರೆ ಯಾವ ಪ್ರೆಸ್ಸಿನ ಬೆಸುಗೆ ನಿಜ ಎಂದು ಗೊತ್ತಾಗುತ್ತದೆ. ಬೆಟ್ಟಸ್ವಾಮಿಯವರು 14ನೇ ತಾರೀಖು ಮಧ್ಯಾಹ್ನದವರೆಗೆ ಮಾತ್ರ ಕಾಯುವುದಾಗಿಯೂ, ಆಮೇಲೆ ಚಾಮರಾಜನಗರದವರಿಗೆ ಕೊಡುವುದಾಗಿಯೂ ಹೇಳಿದರು.

ದಿನಾಂಕ 13ರ ಸಂಜೆ ಸುಮಾರು 5 ಗಂಟೆಗೆ ನಿಧಾನವಾಗಿ ಆರಲೆಂದು ಬೂದಿಯಲ್ಲಿ ಹೂತಿದ್ದ ತುಂಡುಗಳನ್ನು ತೆಗೆದು, ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲಿಟ್ಟೆ. ಆಗ ಯಾವ ಪ್ರೆಸ್ ಕೊಳ್ಳುತ್ತೇನೆಂದು ಕೇಳಲು ಜಗನ್ ಬಂದರು. ನರಸೀಪುರದ ತುಂಡನ್ನು ಕೈಯಲ್ಲಿ ತೂಗಿ, ಇದು ಮೇಲೆ ಮಾತ್ರ ಅಂಟಿರುವುದು ಎಂದು ನಕ್ಕರು. ನನಗೆ ಮೈ ಉರಿಯಿತು. ಆದರೂ ಟೀ ಮಾಡಲು ಒಳಗೆ ಹೋದೆ. ಜೋರಾಗಿ ಗುಡುಗುತ್ತಿತ್ತು. ಟೀ ತರುವಷ್ಟರಲ್ಲಿ ಮಳೆ ಬರುತ್ತದೆಂದು ಜಗನ್ ಹೊರಟುಹೋಗಿದ್ದರು, ನರಸೀಪುರದ ತುಂಡೂ ಇರಲಿಲ್ಲ. ಅವರೇ ಹೊತ್ತುಕೊಂಡು ಹೋದರೆಂದು ಬೀದಿಗೆ ಕೇಳುವಂತೆ ಕೂಗಾಡಿದೆ. ಗಂಡ ತಾಳ್ಮೆ ತಂದುಕೋ ಎಂದರು. ನನಗೆ ಆ ಅಭ್ಯಾಸವಿಲ್ಲ. ಬೆಳಿಗ್ಗೆ ಎದ್ದವಳೇ ಬಂದು ದೂರು ಕೊಟ್ಟೆ.

ಈ ದಿನ 10 ಗಂಟೆಗೆ ಕಾನ್‌ಸ್ಟೆಬಲ್ ಸುನೀತಾ ಮೇಡಂ ಜಗನ್ ಅವರನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಜಗನ್ ಜಗಲಿಯ ತುದಿಯಲ್ಲಿ ಕುಳಿತರು. ಇವರು ತುಂಡು ತೆಗೆದದ್ದನ್ನು ನೋಡಿದಿರಾ ಎಂದು ಮೇಡಂ ನನ್ನ ಅತ್ತೆ ಮರಿತಾಯಮ್ಮ ಅವರನ್ನು ಕೇಳಿದರು. ಅತ್ತೆ ಮೂಲೆಯ ಬುಟ್ಟಿ ತೋರಿಸಿದರು. ಬುಟ್ಟಿಯಲ್ಲಿ ಕೋಳಿ ಕಾವಿಗೆ ಕೂತಿದೆ.

ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಕಾವಿನ ಬುಟ್ಟಿಯಲ್ಲಿ ಕಬ್ಬಿಣ ಇಡುವುದು ನಮ್ಮ ಕಡೆ ವಾಡಿಕೆ. ಅತ್ತೆ ಪ್ರತಿ ಸಲ ಇಡುತ್ತಿದ್ದುದು ಅದೇ ಮುರುಕು ಕುಡುಗೋಲನ್ನು. "ನನ್ ಕುಡ್ಲ ನೀನು ಬೇಯಿಸ್ಬುಟ್ಟೆ, ಕೈಗೆ ಸಿಕ್ದಷ್ಟು ನಾನು ವಾಪಸ್ ತಕ್ಕಂಡೆ. ನನ್ನ ಯಾರು ಕೇಳುದ್ರು?" ಎಂದರು.

ಮೇಡಂ ಬುಟ್ಟಿಗೆ ಕೈ ಹಾಕಲು ಹೋಗಿ ಕೋಳಿಯಿಂದ ಕುಕ್ಕಿಸಿಕೊಂಡರು. ಬದಲಿಗೆ ಕಬ್ಬಿಣ ಇಡದೆ ತುಂಡು ತೆಗೆಯಕೂಡದು ಎಂದು ಅತ್ತೆ ಪಟ್ಟು ಹಿಡಿದರು. ನಾನು ಹೊಸ ಪಟ್ಟಿ ಕೊಟ್ಟೆ. ಕೈಯಲ್ಲಿ ದುಡಿದ ಕಬ್ಬಿಣವೇ ಆಗಬೇಕು, ಅಂಗಡಿಯದು ಆಗದು ಎಂದರು. ಗಂಟೆ 11 ದಾಟಿತ್ತು. ಆಗ ಜಗನ್ ಎದ್ದು ತಮ್ಮ ಬೈಕಿನಿಂದ ಸವೆದ ಸ್ಪ್ಯಾನರ್ ತಂದು, ನನ್ನತ್ತ ತಿರುಗಿ, "ಕಳ್ಳ ಅಂದ್ರಲ್ಲಕ್ಕ, ತಕ್ಕಳಿ, ನಾನೇ ಕೊಡ್ತಾವ್ನಿ. ಕುಯ್ದು ನೋಡ್ಬುಡಿ" ಎಂದು ಅತ್ತೆಯ ಕೈಗಿಟ್ಟರು.

ಎರಡೂ ತುಂಡುಗಳನ್ನು ಎಲ್ಲರೆದುರು ಕುಯ್ದು, ಬಿಗಿಹಿಡಿಯುವ ವೈಸಿಗೆ ಸಿಕ್ಕಿಸಿ ಬಗ್ಗಿಸಿದೆ. ಜಗನ್ ಅವರ ಪ್ರೆಸ್ಸಿನದು ಪದರ ಪದರವಾಗಿ ಬಾಯಿ ಬಿಟ್ಟಿತು. ನರಸೀಪುರದ್ದರಲ್ಲಿ ಕೂದಲೆಳೆಯಷ್ಟೂ ಗೆರೆ ಕಾಣಲಿಲ್ಲ. ದೊಡ್ಡ ಪ್ರೆಸ್ ನಿಧಾನವಾಗಿ ಇಳಿಯುವಷ್ಟರಲ್ಲಿ ಕಬ್ಬಿಣ ಆರುತ್ತದೆಂದು ನಾನು ವಿವರಿಸುತ್ತಿದ್ದೆ. ಅತ್ತೆ, "ಶಾವಿಗೆ ಒಳ್ಳು ಎಷ್ಟು ದಪ್ಪ ಇದ್ರೇನು, ಹಿಟ್ಟು ಬಿಸಿ ಇದ್ದಂಗೇ ಒತ್ಬೇಕು" ಎಂದು ಒಂದೇ ಮಾತಿನಲ್ಲಿ ಮುಗಿಸಿದರು.

11-40ಕ್ಕೆ ಬೆಟ್ಟಸ್ವಾಮಿಯವರಿಗೆ ಫೋನ್ ಮಾಡಿ ಪ್ರೆಸ್ ನನಗೇ ಎಂದು ತಿಳಿಸಿದೆ. ನನ್ನ ಕುಲುಮೆ ಆರುವುದಿಲ್ಲ. ಇದನ್ನು ಬರೆಸುವಾಗಲೂ ಸಂತೋಷ ತಡೆಯಲಾಗುತ್ತಿಲ್ಲ. ಜಗನ್ ಅವರಲ್ಲಿ ಕ್ಷಮೆ ಕೇಳಿದ್ದೇನೆ. ಅವರು ಟೀ ಕುಡಿದರು.

ಆದ್ದರಿಂದ ನನ್ನ ದೂರನ್ನು ಹಿಂಪಡೆಯುತ್ತೇನೆ. ಜಗನ್ ಅವರ ಸ್ಪ್ಯಾನರ್ ಮರಿಗಳು ಹೊರಬರುವವರೆಗೆ ನಮ್ಮ ಮನೆಯ ಬುಟ್ಟಿಯಲ್ಲೇ ಇರುತ್ತದೆ, ಮರಳಿಸುವಾಗ ಜೊತೆಗೆ ಒಂದು ಜೊತೆ ಮರಿ ಕೊಡಲು ಅತ್ತೆ ಒಪ್ಪಿದ್ದಾರೆ. ಅಷ್ಟರೊಳಗೆ ಅದು ಕಳವಾಗಿದೆಯೆಂದು ಅವರು ದೂರು ತಂದರೆ, ಮೊದಲು ಅತ್ತೆಯನ್ನು ಕೇಳಬೇಕೆಂದು ವಿನಂತಿ.

ಮೇಲಿನದೆಲ್ಲ ನಾನು ಹೇಳಿದಂತೆಯೇ ಬರೆದುಕೊಂಡಿದ್ದಾರೆ. ಓದಿಸಿ ಕೇಳಿದ್ದೇನೆ, ನಿಜವಿದೆ.

ಸ್ಥಳ: ಹುಲ್ಲಹಳ್ಳಿ
ದಿನಾಂಕ: 14-05-2025
ಸಹಿ: ರಂಜಿನಿ (ಮೊಣಕೈ ನೋವಿರುವುದರಿಂದ ಎಡಗೈಯಲ್ಲಿ)