ಎಡಗಡೆಯ ಪೆಟ್ಟಿಗೆ

ಇಲ್ಲ ಮೇಡಂ, ಇನ್ನೊಂದು ಸಲ ನೋಡಿ. ಒಂದು ಕಾಗದದಲ್ಲಿ ಕಿವಿ ಕೇಳಲ್ಲ ಅಂತಿದೆ, ಇನ್ನೊಂದರಲ್ಲಿ ಕಿವಿ ನೆಟ್ಟಗಿದೆ ಅಂತಿದೆ. ಎರಡೂ ನಮ್ಮಮ್ಮನ ಕಿವೀನೇ, ಎರಡೂ ಇವತ್ತು ಬೆಳಿಗ್ಗೇನೇ ನೋಡಿದ್ದು. ಯಾವುದೋ ಒಂದು ತಪ್ಪಿರಲೇಬೇಕಲ್ಲ...

ಹೌದು, ಹೇಳಿದ್ರಿ. ಮೊದಲನೇದು ಆ ಗಾಜಿನ ಕೋಣೇಲಿ ಕೂರಿಸಿ, ಸದ್ದು ಕೇಳಿಸಿದಾಗಲೆಲ್ಲ ಕೈ ಎತ್ತಿ ಅಂದಿದ್ದು. ಅವಳು ಎತ್ತಲಿಲ್ಲ. ಎರಡನೇದು ಹಣೆಗೆ ತಂತಿ ಅಂಟಿಸಿ ಮೆಷಿನ್ನೇ ಅಳೆದುಕೊಂಡಿದ್ದು, ಅದಕ್ಕೆ ರೋಗಿ ಬಾಯಿ ಬಿಡೋದೂ ಬೇಡ. ಸರಿ. ಆದ್ರೆ ಮೆಷಿನ್ ಕೆಡಲ್ವಾ? ನಾನೂ ಅಂಗಡಿ ಇಟ್ಟೋನು, ಟೈಲ್ಸು, ನಲ್ಲಿ, ಸಿಂಕು. ಹೊಸಾ ಡಬ್ಬ ಬಿಚ್ಚಿದ ನಲ್ಲಿ ಸೋರೋದನ್ನ ದಿನಾ ನೋಡ್ತೀನಿ. ಅದಕ್ಕೇ ಹೇಳ್ತಿರೋದು. ಮೊದಲನೇ ಕಾಗದಾನೇ ಸರಿ. ಅದನ್ನೇ ಇಟ್ಕೊಳ್ಳಿ. ಕಿವಿಗೆ ಹಾಕೋ ಮೆಷಿನ್ ಬರೆದುಕೊಡಿ, ಇರೋದರಲ್ಲಿ ಒಳ್ಳೇದು. ನಾನೇ ಕೊಡಿಸ್ತೀನಿ. ತಮ್ಮನಿಂದ ಒಂದು ಪೈಸೆ ಬೇಡ.

ಯಾವಾಗಿಂದ ಅಂದ್ರೆ... ಮೂರು ತಿಂಗಳಿಂದ.

ಅದಕ್ಕೆ ಮುಂಚೆ? ಅದಕ್ಕೆ ಮುಂಚೆ ಹೇಗಿತ್ತು ಅಂತ ಕೇಳ್ತೀರಾ. ಪಕ್ಕದ ಮನೇಲಿ ಹಾಲು ಉಕ್ಕೋ ಮುಂಚೆ ಇವಳಿಗೆ ಗೊತ್ತಾಗ್ತಿತ್ತು. ನಾವು ಚಿಕ್ಕವರಿದ್ದಾಗ ಅಣ್ಣತಮ್ಮ ಇಬ್ಬರೂ ಬರಿಗಾಲಲ್ಲಿ ಬಂದ್ರೂ, ಯಾರ ಕಾಲು ಯಾವುದು ಅಂತ ಒಳಗಿಂದಲೇ ಹೇಳ್ತಿದ್ಳು. ಅಂಥ ಕಿವಿ.

ಯಾಕೆ ನಗ್ತೀರಿ? ನಿಜ ಮೇಡಂ.

ಪೂರ್ತಿ ಹೇಳ್ತೀನಿ, ಆಗ ನಿಮಗೇ ಗೊತ್ತಾಗುತ್ತೆ ಮೊದಲನೇ ಕಾಗದಾನೇ ಸರಿ ಅಂತ. ಅಮ್ಮ ಇರೋದು ತಮ್ಮನ ಮನೇಲಿ. ಅವನು ಬಡಗಿ. ಎರಡು ಕೋಣೆ ಬಾಡಿಗೆ ಮನೆ. ನನ್ನದು ದೊಡ್ಡ ಮನೆ, ಬಂದಿರು ಅಂದ್ರೆ ಮೆಟ್ಟಿಲು ಜಾಸ್ತಿ ಅಂತಾಳೆ. ಹೋಗಲಿ, ಭಾನುವಾರ ಮಾತ್ರ ತಪ್ಪಿಸ್ತಿರಲಿಲ್ಲ. ಹನ್ನೊಂದು ಗಂಟೆಗೆ ಬಂದ್ರೆ ದೀಪ ಹಚ್ಚೋ ಹೊತ್ತಿನ ತನಕ ನನ್ನ ಹಾಲ್‌ನಲ್ಲಿ ಕೂತು ಹಾಡು ಕೇಳ್ತಿದ್ಳು. ನನ್ನ ಹತ್ತಿರ ಒಳ್ಳೆ ಸೆಟ್ ಇದೆ. ಎದೆಮಟ್ಟದ ಎರಡು ಸ್ಪೀಕರು, ಅಂಗಡಿಯವರೇ ಬಂದು ಜೋಡಿಸಿಕೊಟ್ಟಿದ್ದು. ಅಮ್ಮ ಕಣ್ಣು ಮುಚ್ಚಿ ಕೂರೋಳು, ನಾನು ಪಕ್ಕದಲ್ಲಿ ಪೇಪರ್ ಓದ್ತಾ ಕೂರೋನು. ಓದ್ತಾ ಇರಲಿಲ್ಲ ಅನ್ನಿ. ಅವಳ ಮುಖ ನೋಡ್ತಾ ಇದ್ದೆ. ವಾರದಲ್ಲಿ ಒಂದು ದಿನ ಅವಳು ನನ್ನವಳು ಅನ್ನೋ ಲೆಕ್ಕ.

ತಮ್ಮನಿಗೂ ಆಸೆ ಬಂತು. ಮನೇಲಿ ತಾನೂ ಒಂದು ಹಾಡಿನ ಸೆಟ್ ಮಾಡ್ತೀನಿ ಅಂದ. ಕೈಯಲ್ಲಿ ಕಾಸಿಲ್ಲ. ನಾನು ಕೊಡಿಸ್ತೀನಿ ಅಂದ್ರೆ ಬೇಡ ಅಂದ. ಒಂದು ವರ್ಷ, ಮೇಡಂ, ಒಂದೊಂದೇ ತಂದು ಗುಡ್ಡೆ ಹಾಕಿದ. ಗುಜರಿ ಅಂಗಡೀಲಿ ಒಂದು ಹಳೇ ಆಂಪ್ಲಿಫೈಯರ್ ಸಿಕ್ತು, ಕಬ್ಬಿಣದ ಜೊತೆ ತೂಕಕ್ಕೆ ಹಾಕಿ ಕೊಟ್ಟರಂತೆ. ರೇಡಿಯೋ ರಿಪೇರಿಯವರ ಅಂಗಡೀಲಿ ನಾಲ್ಕು ಭಾನುವಾರ ಕೂತು, ಸುಟ್ಟಿದ್ದ ಬಿಡಿಭಾಗಗಳನ್ನ ಬದಲಾಯಿಸಿಕೊಂಡ. ಯಾವುದೋ ಹಳೇ ಸಭಾಂಗಣ ಕೆಡವೋವಾಗ ಅಲ್ಲಿದ್ದ ಸ್ಪೀಕರ್ ಬಿಚ್ಚಿಕೊಂಡು ಬಂದ, ಬರೀ ಸ್ಪೀಕರು, ಪೆಟ್ಟಿಗೆ ಇಲ್ಲ. ಪೆಟ್ಟಿಗೆ ಅವನೇ ಮಾಡಿದ. ಬಟ್ಟೆ ಅಂಗಡಿ ಕೌಂಟರ್ ಮಾಡಿ ಉಳಿದ ಪ್ಲೈವುಡ್ಡು. ಒಳಗೆ ತುಂಬಿದ್ದು ಹಳೇ ಹಾಸಿಗೆಯ ಹತ್ತಿ. ಮುಂದುಗಡೆ ಹೆಂಡತಿಯ ಹಳೇ ದುಪಟ್ಟಾ, ಬಿಗಿಯಾಗಿ ಎಳೆದು ಮೊಳೆ ಹೊಡೆದಿದ್ದು. ಪೆಟ್ಟಿಗೆ ಅಲುಗಾಡಬಾರದು, ಭಾರದ್ದು ಏನಾದ್ರೂ ಕೊಡು ಅಂತ ನನ್ನ ಅಂಗಡಿಗೆ ಬಂದ. ಮುರಿದ ಗ್ರಾನೈಟ್ ತುಂಡು ಎರಡು ಕೊಟ್ಟೆ. ಕೊಡೋವಾಗ ನಕ್ಕೆ. ಕೆಲಸದ ಹುಡುಗರೂ ನಕ್ಕರು.

ಆಮೇಲೆ ಒಂದು ದಿನ ಅಮ್ಮ ಕರೆದ್ಳು, ಬಂದು ಕೇಳು ಅಂತ. ಹೋದೆ. ಮಲಗೋ ಕೋಣೇನೇ ಅದು. ಗೋಡೆಗೆ ಕಂಬಳಿ ಹೊಡೆದಿದ್ದಾನೆ, ಪಕ್ಕದಲ್ಲಿ ಬಟ್ಟೆ ರಾಶಿ, ಹಾಸಿಗೆ ಸುರುಳಿ. ದಾರ ಹಿಡಿದು ಅಳೆದು, ಎರಡು ಪೆಟ್ಟಿಗೆಗೂ ಸಮದೂರದಲ್ಲಿ ಅಮ್ಮನ ಬೆತ್ತದ ಕುರ್ಚಿ ಇಟ್ಟಿದ್ದಾನೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕು ಗುರುತು, ಕುರ್ಚಿ ಕಾಲಿಗೆ. ಒಂದೇ ಕುರ್ಚಿ, ಮೇಡಂ. ಆ ಮನೇಲಿ ಇನ್ನೊಬ್ಬರು ಕೂರೋಕೆ ಜಾಗ ಇಲ್ಲ. ನಾನು ಬಾಗಿಲಲ್ಲಿ ನಿಂತು ಕೇಳಿದೆ.

ಹೇಗಿತ್ತು ಅಂದ್ರೆ...

ಚೆನ್ನಾಗಿತ್ತು. ಇನ್ನೇನು ಹೇಳಲಿ. ಹಾಡುವವಳು ಉಸಿರು ಎಳೆದುಕೊಳ್ಳೋದು ಕೇಳಿಸ್ತಿತ್ತು. ಬಾಗಿಲಲ್ಲಿ ನಿಂತ ನನಗೇ ಕೇಳಿಸ್ತಿತ್ತು. ಅಮ್ಮ ಕಣ್ಣು ತೆರೆದು ಹೇಳಿದ್ಳು: "ನಿನ್ನ ಮನೇಲಿ ಹಾಡು ಬಂದು ಕಿವಿಗೆ ಬಡಿಯುತ್ತೆ ಕಣಪ್ಪ. ಇಲ್ಲಿ ಹಾಡು ಬಂದು ಪಕ್ಕದಲ್ಲಿ ಕೂತ್ಕೊಳ್ಳುತ್ತೆ."

ಕೆಟ್ಟ ಮನಸ್ಸಿಂದ ಹೇಳಲಿಲ್ಲ. ನನಗೆ ಗೊತ್ತು.

ಭಾನುವಾರ ಆಮೇಲೂ ಬಂದ್ಳು. ಆದ್ರೆ ಊಟ ಆದ ಮೇಲೆ ಗಡಿಯಾರ ನೋಡೋಳು. ಎರಡು ಗಂಟೆಗೆ ಹೊರಡೋಳು. ಆಮೇಲೆ ಒಂದು ಗಂಟೆಗೆ. ನಾನು ಅಂಗಡಿಯವರನ್ನ ಕರೆಸಿದೆ, ಸ್ಪೀಕರ್ ಜಾಗ ಬದಲಾಯಿಸಿದೆ, ನೆಲಕ್ಕೆ ಜಮಖಾನ ಹಾಸಿದೆ. ಆ ಸೆಟ್ಟನ್ನೇ ಕೊಟ್ಟು ಅದಕ್ಕಿಂತ ದುಬಾರಿದು ತಂದೆ. ತಂದು ಹಚ್ಚಿದ ದಿನ ಅಮ್ಮ ಚೆನ್ನಾಗಿದೆ ಅಂದ್ಳು, ಯಾರದೋ ಮಗು ಗೀಚಿದ ಚಿತ್ರ ನೋಡಿ ಹೇಳೋ ಹಾಗೆ. ಅಂಗಡಿಯವರು ಕೊನೆಗೆ ಹೇಳಿದ್ದೇನು ಗೊತ್ತಾ? ಸೆಟ್ಟಿಂದಲ್ಲ ಸಾರ್ ತೊಂದರೆ, ನಿಮ್ಮ ಹಾಲ್‌ನದು. ನೆಲ, ಗೋಡೆ, ಎಲ್ಲಾ ಟೈಲ್ಸು, ಸದ್ದು ಬಡಿದು ವಾಪಸ್ ಬರುತ್ತೆ. ನನ್ನದೇ ಅಂಗಡಿ ಟೈಲ್ಸು, ನಾನೇ ನಿಂತು ಆರಿಸಿ ಹಾಕಿಸಿದ್ದು.

ಹೊಟ್ಟೆಕಿಚ್ಚು ಅಂತೀರಾ? ಅನ್ನಿ. ನನ್ನ ಹೆಂಡತಿ ದಿನಾ ಅಂತಾಳೆ. ಅವನಿಗೆ ಮನೆ ಇಲ್ಲ, ಗಾಡಿ ಇಲ್ಲ, ನಾಳೆ ಕೆಲಸ ಇದೆಯೋ ಇಲ್ಲವೋ ಗೊತ್ತಿಲ್ಲ. ಆದ್ರೂ ಅಮ್ಮ ಅಲ್ಲೇ ಇರೋದು. ಇದ್ದಿದ್ದು ಒಂದು ಭಾನುವಾರ, ಅದನ್ನೂ ಹಾಸಿಗೆ ಹತ್ತಿ ತುಂಬಿ ತೊಗೊಂಡ್ಬಿಟ್ಟ.

ಇರಲಿ. ಕಿವಿ ವಿಷಯಕ್ಕೆ ಬರ್ತೀನಿ. ತಮ್ಮ ಎಂಟು ದಿನ ಬೇರೆ ಊರಿಗೆ ಹೋಗಿದ್ದ, ಒಂದು ಅಂಗಡಿಗೆ ಕಪಾಟು ಕೂರಿಸೋಕೆ. ವಾಪಸ್ ಬಂದ ದಿನ ನಾನೂ ಅಲ್ಲಿದ್ದೆ. ಬ್ಯಾಗ್ ಇಟ್ಟ, ಕೈ ತೊಳೆದ, ಸೆಟ್ ಹಚ್ಚಿದ. ಒಂದು ನಿಮಿಷ ಆಗಿಲ್ಲ, ಎದ್ದು ಹಿಂದಕ್ಕೆ ಹೋಗಿ ನೋಡಿದ. ಎಡಗಡೆ ಪೆಟ್ಟಿಗೆಯ ತಂತಿ ತಿರುಗಾಮುರುಗಾ ಆಗಿದೆ ಅಂದ. ಕೆಂಪು ಇರೋ ಕಡೆ ಕಪ್ಪು, ಕಪ್ಪು ಇರೋ ಕಡೆ ಕೆಂಪು. ಅದರಿಂದ ಏನೂ ಸುಟ್ಟುಹೋಗಲ್ಲ, ಶಬ್ದಾನೂ ಬರುತ್ತೆ. ಆದ್ರೆ ಒಂದು ಪೆಟ್ಟಿಗೆ ತಳ್ಳಿದ್ದನ್ನ ಇನ್ನೊಂದು ಎಳೆದುಕೊಳ್ಳುತ್ತೆ. ತಬಲಾದ ತೂಕ ಹೋಗಿಬಿಡುತ್ತೆ, ಡಬ್ಬ ಬಡಿದ ಹಾಗೆ. ಹಾಡುವವಳು ಎಲ್ಲಿ ನಿಂತಿದ್ದಾಳೆ ಅಂತಲೇ ತಿಳಿಯಲ್ಲ.

ಅವನು ಬೈಯಲಿಲ್ಲ. ಇದನ್ನ ಯಾರು ಮುಟ್ಟಿದ್ರು ಅಂತ ಮೆಲ್ಲಗೆ ಕೇಳಿದ. ನಾನಿಲ್ಲದಾಗ ಮನೆಗೆ ಯಾರು ಬಂದಿದ್ರಮ್ಮ, ಎಂಟು ದಿನ ಈ ಕೆಟ್ಟ ಸದ್ದು ಹೇಗೆ ಕೇಳಿದೆ, ನಿನಗೆ ಗೊತ್ತಾಗಲಿಲ್ವಾ ಅಂತ. ಆಗ ಅಮ್ಮ ಅಂದ್ಳು, "ನನಗೇನೂ ವ್ಯತ್ಯಾಸ ಕಾಣಲಿಲ್ಲಪ್ಪ. ಯಾವಾಗಲೂ ಇರೋ ಹಾಗೇ ಇತ್ತು. ನನ್ನ ಕಿವೀನೇ ಹೋಗಿದೆ ಅನ್ಸುತ್ತೆ."

ಅಷ್ಟೇ. ತಂತಿ ವಿಷಯ ಅಲ್ಲಿಗೇ ನಿಂತುಹೋಯ್ತು. ತಮ್ಮನ ಮುಖ ಬಿಳಚಿಕೊಂಡಿತು. ತಂತಿ ಸರಿ ಮಾಡಿ ಮತ್ತೆ ಹಚ್ಚಿದ, ಈಗ ಕೇಳಮ್ಮ ಅಂದ. ಇಲ್ಲ ಅಂತ ತಲೆ ಆಡಿಸಿದ್ಳು. ಅವತ್ತಿಂದ ಹೀಗೇ. ಕೂಗಿ ಹೇಳಬೇಕು, ಎರಡೆರಡು ಸಲ ಹೇಳಬೇಕು. ತಮ್ಮ ಆ ಸೆಟ್ಟಿಗೆ ಬೆಡ್‌ಶೀಟ್ ಹೊದಿಸಿಟ್ಟಿದ್ದಾನೆ. ಅಮ್ಮನಿಗೇ ಕೇಳದ ಮೇಲೆ ನನಗ್ಯಾಕೆ, ಯಾರಿಗಾದ್ರೂ ಕೊಟ್ಟುಬಿಡ್ತೀನಿ ಅಂತಾನೆ. ಬೆತ್ತದ ಕುರ್ಚಿ ಹೊರಗೆ ಜಗಲೀಲಿದೆ. ಅಲ್ಲಿ ಕೂತು ರಸ್ತೆ ನೋಡ್ತಾಳೆ.

ನೋಡಿ, ನೀವೇ ಹೇಳಿ. ಉಸಿರು ಎಳೆಯೋದೂ ಕೇಳಿಸ್ತಿದ್ದ ಕಿವಿಗೆ ಎಂಟು ದಿನ ಅಂಥಾ ಡಬ್ಬದ ಸದ್ದು ಗೊತ್ತಾಗಲಿಲ್ಲ ಅಂದ್ರೆ ಕಿವಿ ಹೋಗಿದೆ ಅಂತ ತಾನೇ ಅರ್ಥ? ಅದಕ್ಕೇ ಮೊದಲನೇ ಕಾಗದ...

ಏನಂದ್ರಿ? ತಂತಿ ಹೇಗೆ ತಿರುಗಿತು ಅಂತಾನಾ? ಅದಕ್ಕೂ ಕಿವಿಗೂ ಏನು ಸಂಬಂಧ ಮೇಡಂ... ಗುಡಿಸೋವಾಗ ಕಿತ್ತುಬಂದಿರಬಹುದು. ತಮ್ಮನ ಹೆಂಡತಿ ಸಿಕ್ಕಿಸಿರಬಹುದು. ನನಗೇನು ಗೊತ್ತು.

ಪೆನ್ ಯಾಕೆ ಮುಚ್ಚಿದ್ರಿ? ಬರ್ಕೊಳ್ಳಿ.

ಹಾಗೆ ನೋಡಬೇಡಿ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ಹಾಗೆ ನನ್ನ ಕೈ ಮೇಲಕ್ಕೆ ಹೋಗ್ತಿದೆ.

ಸರಿ. ನಾನೇ. ತಮ್ಮ ಊರಿಗೆ ಹೋದ ಮಾರನೇ ದಿನ, ಮಧ್ಯಾಹ್ನ. ಅವನ ಹೆಂಡತಿ ಕೆಲಸಕ್ಕೆ ಹೋಗಿದ್ಳು. ಅಮ್ಮನ್ನ ನೋಡಿ ಬರೋಣ ಅಂತ ಹೋದೆ. ಬಾಗಿಲು ಸುಮ್ಮನೆ ಮುಂದಕ್ಕೆ ಮಾಡಿತ್ತು. ಅವಳು ಊಟ ಮಾಡಿ ಅಡುಗೆಮನೇಲಿ ಚಾಪೆ ಹಾಕ್ಕೊಂಡು ಮಲಗಿದ್ಳು, ಗೋಡೆ ಕಡೆ ಮುಖ. ಎಬ್ಬಿಸೋದು ಬೇಡ ಅಂತ ಸೆಟ್ ಇದ್ದ ಕೋಣೆಗೆ ಹೋದೆ. ಕುರ್ಚಿ ಇತ್ತು. ಅವಳ ಕುರ್ಚೀಲಿ ಕೂತೆ. ಕೂತು, ಎರಡು ಪೆಟ್ಟಿಗೆ ನೋಡಿದೆ. ಮುಂದುಗಡೆ ಆ ದುಪಟ್ಟಾ, ಹೂವಿನದು. ನನಗೆ ಅದನ್ನ ಒದ್ದುಬಿಡಬೇಕು ಅನ್ನಿಸಿತು. ಒದೀಲಿಲ್ಲ. ಮೆಲ್ಲಗೆ ಹಿಂದಕ್ಕೆ ಹೋಗಿ ಎರಡು ತಂತಿ ಕಿತ್ತು ಅದಲುಬದಲು ಸಿಕ್ಕಿಸಿದೆ. ಸ್ಪೀಕರ್ ಅಂಗಡಿಯವರು ನನ್ನ ಮನೆಗೆ ಬಂದಾಗ, ಹೀಗೆ ಮಾತ್ರ ಆಗಬಾರದು ಸಾರ್ ಅಂತ ತೋರಿಸಿಕೊಟ್ಟಿದ್ರು. ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಬಂದ ಹಾಗೇ ಹೊರಟೆ. ಸದ್ದಾಗಲಿಲ್ಲ.

ಆ ಭಾನುವಾರ ಅಮ್ಮ ಸಂಜೆ ತನಕ ನನ್ನ ಮನೇಲಿ ಇದ್ಳು. ಗಡಿಯಾರ ನೋಡಲಿಲ್ಲ. ಹೊಟ್ಟೆ ತಣ್ಣಗಾಯ್ತು. ಸುಳ್ಳು ಯಾಕೆ ಹೇಳಲಿ.

ಆಮೇಲೆ ಅವಳೇ ಕಿವಿ ಹೋಗಿದೆ ಅಂದಾಗ, ಮೊದಲು ಅನ್ನಿಸಿದ್ದು, ಪಾರಾದೆ ಅಂತ. ಮಗನಾಗಿ ಹೇಳಬಾರದು. ಅವಳಿಗೆ ಕೇಳದಿದ್ರೆ ತಮ್ಮನ ಪೆಟ್ಟಿಗೇನೂ ಒಂದೇ, ನನ್ನ ಸ್ಪೀಕರೂ ಒಂದೇ. ಇವತ್ತು ಬೆಳಿಗ್ಗೆ ಆಟೋದಲ್ಲಿ ಬರ್ತಾ ಇನ್ನೂ ಒಂದು ಯೋಚನೆ ಬಂತು. ನಾನು ಮೆಷಿನ್ ಕೊಡಿಸಿದ್ರೆ, ಇನ್ನು ಮೇಲೆ ಅವನ ಮನೇಲಿ ಕೂತು ಏನೇ ಕೇಳಿದ್ರೂ ನಾನು ಕೊಟ್ಟ ಮೆಷಿನ್ನಲ್ಲೇ ಕೇಳಬೇಕು ಅಂತ. ಅಷ್ಟು ದೂರ ಹೋಗಿದೆ ನನ್ನ ಬುದ್ಧಿ.

ಏನಾದ್ರೂ ಹೇಳಿ ಮೇಡಂ. ಬೈಯಿರಿ ಬೇಕಾದ್ರೆ.

ಆ ಎರಡನೇ ಕಾಗದಾನ ಯಾಕೆ ನನ್ನ ಕಡೆ ತಳ್ತೀರಿ... ಅದು ಸರಿ ಅಂದ್ರೆ... ಅದು ಸರಿ ಅಂದ್ರೆ ಅವಳಿಗೆ ಎಲ್ಲ ಕೇಳಿಸುತ್ತೆ. ಅಷ್ಟೂ ದಿನ ಆ ಡಬ್ಬದ ಸದ್ದು ಕೇಳಿಸಿದೆ. ಈಗ ನಿಮ್ಮ ಗಾಜಿನ ಕೋಣೇಲೂ ಕೇಳಿಸಿದೆ, ಕೇಳಿಸಿದ್ರೂ ಕೈ ಎತ್ತಲಿಲ್ಲ. ಯಾಕೆ ಎತ್ತಲಿಲ್ಲ?

ಬರಿಗಾಲಲ್ಲಿ ಬಂದ್ರೂ ಯಾರು ಅಂತ ಹೇಳ್ತಿದ್ಳು, ಮೇಡಂ.

ಮಲಗಿದ್ಳು, ಗೋಡೆ ಕಡೆ ಮುಖ... ನಿದ್ದೆ ಬಂದಿತ್ತು ಅಂತ ನಾನೇ ಅಂದ್ಕೊಂಡಿದ್ದು. ಹಾಗಾದ್ರೆ ಅವತ್ತು ತಮ್ಮ ಯಾರು ಬಂದಿದ್ರು ಅಂತ ಕೇಳಿದಾಗ... ನನ್ನ ಹೆಸರು ಬರಬಾರದು ಅಂತ... ಒಂದು ಮಾತು ಹೇಳಿಬಿಟ್ಟಳು. ಹೇಳಿದ ಮೇಲೆ ಉಳಿಸಿಕೊಳ್ಳಬೇಕಲ್ಲ. ಮೂರು ತಿಂಗಳು. ಹಾಡಿಲ್ಲ, ಮಾತಿಲ್ಲ, ಜಗಲೀಲಿ ಕೂತು ರಸ್ತೆ...

ಒಂದು ಕೇಳಲಾ? ನಾನು ಹೊರಗಿದ್ದಾಗ ಅಮ್ಮ ನಿಮ್ಮ ಹತ್ತಿರ ಏನೋ ಹೇಳ್ತಿದ್ಳು, ಗಾಜಿನಿಂದ ಕಾಣಿಸ್ತಿತ್ತು. ನಿಮ್ಮ ಕೈ ಹಿಡ್ಕೊಂಡಿದ್ಳು. ಏನು ಕೇಳಿದ್ಳು?

ಅವಳೂ ಇದನ್ನೇ ಕೇಳಿದ್ಳಾ? ಮೊದಲನೇ ಕಾಗದಾನೇ ಇಟ್ಕೊಳ್ಳಿ, ಕಿವಿ ಹೋಗಿದೆ ಅಂತ ಬರೆದುಕೊಡಿ ಅಂತ?

ಹೇಳಬೇಡಿ. ಗೊತ್ತಾಯ್ತು.

ನೋಡಿ, ಅಲ್ಲಿ ಬೆಂಚಿನ ಮೇಲೆ ಕೂತಿದ್ದಾಳೆ, ಚೀಲ ಮಡಿಲಲ್ಲಿ ಇಟ್ಕೊಂಡು. ಮೂರು ತಿಂಗಳಿಂದ ನಾವೆಲ್ಲ ಅವಳ ಕಿವಿ ಹತ್ತಿರ ಬಾಯಿ ಇಟ್ಟು ಕಿರುಚಿದ್ದೀವಿ. ತಡ್ಕೊಂಡಿದ್ದಾಳೆ.

ಆ ಎರಡನೇ ಕಾಗದ ಕೊಡಿ. ತಮ್ಮನಿಗೆ ನಾನೇ ತೋರಿಸ್ತೀನಿ. ತಂತಿ ವಿಷಯಾನೂ ಹೇಳ್ತೀನಿ, ಅವನು ಹೊಡೆದ್ರೆ ಹೊಡೀಲಿ.

ಅದಲ್ಲ ಮೇಡಂ, ಅದು ಕಷ್ಟ ಇಲ್ಲ. ಈಗ ಈ ಬಾಗಿಲು ತೆಗೆದು ಹೊರಗೆ ಹೋಗಿ ಅವಳನ್ನ ಕರೀಬೇಕು, ಏಳಮ್ಮ ಹೋಗೋಣ ಅಂತ. ಜೋರಾಗಿ ಕರೀಲಾ, ಮೆಲ್ಲಗೆ ಕರೀಲಾ?